ಪುಟ್ಟಿಗೆಂದು ಮಾಡಿದ ಕುಸುರೆಳ್ಳು

ನಮ್ಮ ಮುಂಬಾಗಿಲ ಹಿಂದೆ, ಮೊದಲು ಕೊಡೆ ನೇತುಹಾಕುತ್ತಿದ್ದ ಮೊಳೆಯಲ್ಲಿ, ಈಗ ಒಂದು ಕೆಂಪು ಚೀಲ ಇರುತ್ತದೆ. ಅದರೊಳಗೆ ಪುಟ್ಟಿಯ ನೀಲಿ ಪಂಪು, ಪಂಪನ್ನು ಬಾಯಿಗೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ, ಔಷಧ ತುಂಬಿದ ಪುಟ್ಟ ಗಾಜಿನ ಬುಡ್ಡಿ, ಒಂದು ಸಿರಿಂಜು. ಸಿರಿಂಜಿನ ಮೇಲೆ ಎಲ್ಲಿಯವರೆಗೆ ಔಷಧ ಎಳೆಯಬೇಕು ಎಂಬುದಕ್ಕೆ ನನ್ನ ಸೊಸೆ ಯಮುನಾ ಉಗುರಿನ ಬಣ್ಣದಿಂದ ಒಂದು ಗೆರೆ ಹಾಕಿಟ್ಟಿದ್ದಾಳೆ. ನನಗೂ ನಮ್ಮ ಯಜಮಾನರಿಗೂ ಕಣ್ಣು ಅಷ್ಟಕ್ಕಷ್ಟೆ ಎಂದು.

ಪುಟ್ಟಿ ನನ್ನ ಮೊಮ್ಮಗಳು. ಶಾಲೆಯಲ್ಲಿ ಪ್ರಿಯಂವದಾ. ಎರಡನೆಯ ತರಗತಿ. ಅವಳಿಗೆ ಹಸುಗೂಸಾಗಿದ್ದಾಗಿನಿಂದ ಉಬ್ಬಸವಿದೆ. ಅದರ ಜೊತೆಗೆ ಕಡಲೆಕಾಯಿಬೀಜ ಆಗಿಬರುವುದಿಲ್ಲ. ಪಂಪು ಉಬ್ಬಸಕ್ಕೆ, ಸಿರಿಂಜು ಕಡಲೆಕಾಯಿಗೆ.

ಎರಡನೆಯದು ಗೊತ್ತಾದದ್ದು ರಸೆಲ್ ಮಾರುಕಟ್ಟೆಯಲ್ಲಿ. ನಾನು ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದಾಗ ಶಿವಾಜಿನಗರದಲ್ಲಿ ಇಳಿದು ಅಕ್ತರ್ ಅವರ ಅಂಗಡಿಯಲ್ಲಿ ಹಣ್ಣು ಕೊಳ್ಳುತ್ತಿದ್ದೆ. ನಿವೃತ್ತಿಯಾದ ಮೇಲೂ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ದಿನ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಕ್ತರ್ ತಾವು ತಿನ್ನುತ್ತಿದ್ದ ಬೇಯಿಸಿದ ಕಡಲೆಕಾಯಿಯನ್ನು ಸುಲಿದು, ಊದಿ ಆರಿಸಿ, ಅವಳ ಅಂಗೈಗೆ ಹಾಕಿದರು. ಸ್ವಲ್ಪ ಹೊತ್ತಿಗೆಲ್ಲ ತುಟಿ ಊದಿಕೊಂಡಿತು, ಮೈಮೇಲೆ ದದ್ದು ಎದ್ದಿತು, ಉಸಿರು ಸಿಳ್ಳೆ ಹಾಕತೊಡಗಿತು. ಅಂಗಡಿಯನ್ನು ತೆರೆದ ಹಾಗೇ ಬಿಟ್ಟು ಅವಳನ್ನು ಎತ್ತಿಕೊಂಡು ಆ ಗುಂಪಿನಲ್ಲಿ ಓಡಿದವರು ಅಕ್ತರ್. ಈಗಲೂ ನಾನು ಹೋದರೆ ಮೊದಲ ಮಾತು, "ಬಚ್ಚಿ ಹುಷಾರಾ ಅಮ್ಮಾ?" ಹೋದ ಸಲ ಇನ್ನೊಂದು ಮಾತು ಹೇಳಿದರು. "ಈಗ ಯಾರ ಮಕ್ಕಳಿಗೂ ಏನೂ ಕೊಡಲ್ಲ ಅಮ್ಮಾ. ಕೈ ಮುಂದಕ್ಕೆ ಹೋಗ್ತದೆ, ವಾಪಸ್ ತಗೊಂಡ್ಬಿಡ್ತೀನಿ."

ಇದು ಯಾಕೆ ಬಂತು ಎಂದು ಯಮುನಾ ಕೇಳದ ವೈದ್ಯರಿಲ್ಲ. ಮಗುವಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಕೊಡಬೇಡಿ ಎಂದು ಯಾರೋ ಹೇಳಿದ್ದನ್ನು ಅವಳು ವ್ರತದಂತೆ ಪಾಲಿಸಿದ್ದಳು. ಈಗ ನೋಡಿದರೆ ಬೇಗ ಕೊಟ್ಟಿದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ.

"ಆಗ ಹಾಗೇ ಹೇಳ್ತಿದ್ರು," ಎಂದರು ಪುಟ್ಟಿಯನ್ನು ನೋಡುವ ಡಾಕ್ಟರ್ ಅಲಿಯಾ. "ನಿಮ್ಮ ತಪ್ಪಲ್ಲ."

"ಮತ್ತೆ ಯಾರದು ಡಾಕ್ಟ್ರೇ?"

ಅವರು ಪೆನ್ನು ಕೆಳಗಿಟ್ಟರು. ಹೊರಗೆ ಮಕ್ಕಳನ್ನು ಎತ್ತಿಕೊಂಡು ಕಾಯುವವರು ತುಂಬಿದ್ದರೂ ಆ ಡಾಕ್ಟರ್ ಹುಡುಗಿ ಅವಸರ ಮಾಡಲಿಲ್ಲ. "ಗಾಡಿಗಳ ಹೊಗೆ ಅಂತಾರೆ. ಕಿಟಕಿ ಮುಚ್ಚಿದ ಮನೆಗಳಲ್ಲಿ ಧೂಳಿನ ಹುಳ ಜಾಸ್ತಿ ಅಂತಾರೆ. ಮಕ್ಕಳು ಮಣ್ಣು, ದನಕರು ಮುಟ್ಟದೇ ಬೆಳೀತಿದ್ದಾರೆ, ಮೈಯೊಳಗಿನ ಕಾವಲುಗಾರನಿಗೆ ಕೆಲಸ ಇಲ್ಲ, ಅದಕ್ಕೇ ಬಂದ ನೆಂಟರನ್ನೂ ಕಳ್ಳರು ಅಂತ ಹೊಡೀತಾನೆ ಅನ್ನೋದು ಇನ್ನೊಂದು. ಒಂದೊಂದರಲ್ಲೂ ಸ್ವಲ್ಪ ನಿಜ ಇರಬಹುದು. ಆದರೆ ಇವಳಿಗೇ ಯಾಕೆ ಅಂದ್ರೆ ನನಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಹೇಳುವ ವೈದ್ಯರು ನನಗೆ ಇಷ್ಟ. ಆದರೆ ಆ ಮಾತನ್ನು ಮನೆಗೆ ತೆಗೆದುಕೊಂಡು ಹೋಗಿ ಏನು ಮಾಡುವುದು?

ನಮ್ಮ ಯಜಮಾನರು ಕೃಷ್ಣಸ್ವಾಮಿಯವರು ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದವರು. ಕೆಟ್ಟದ್ದನ್ನು ಬಿಚ್ಚಿ ನೋಡಿದರೆ ಸರಿಹೋಗುತ್ತದೆ ಎಂದು ನಂಬಿದವರು. ದನಕರುವಿನ ಮಾತು ಕೇಳಿದ್ದೇ ಮರುದಿನದಿಂದ ಪುಟ್ಟಿಯನ್ನು ಹಿಂದಿನ ಬೀದಿಯ ಅಮೃತಪ್ಪನವರ ಕೊಟ್ಟಿಗೆಗೆ ಕರೆದುಕೊಂಡು ಹೊರಟರು. ನಮ್ಮ ಕೆ.ಆರ್.ಪುರ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿ ಹಾಲು ಮಾರುವವರು ಅಮೃತಪ್ಪ. ಸುತ್ತ ಅಪಾರ್ಟ್‌ಮೆಂಟುಗಳೆದ್ದರೂ ಹಸುಗಳನ್ನು ಬಿಟ್ಟಿಲ್ಲ.

"ಸಗಣಿ ಮುಟ್ಟಿಸ್ತೀರಾ ಸಾಮಿ? ನಮ್ಮನೇ ಮೊಮ್ಮಕ್ಕಳೇ ಮೂಗು ಮುಚ್ಕೊಂಡು ಓಡ್ತವೆ," ಎಂದು ಅವರು ನಕ್ಕರಂತೆ. ನಕ್ಕರೂ ಕೊಟ್ಟಿಗೆ ಗುಡಿಸಿ, ಪುಟ್ಟಿಗೆ ಕೂರಲು ಸ್ಟೂಲು ಹಾಕಿಸಿದ್ದರು. ಒಣಹುಲ್ಲಿನ ಧೂಳಿಗೆ ಅವಳಿಗೆ ಉಬ್ಬಸ ಹೆಚ್ಚಾಗಿ ಆ ಚಿಕಿತ್ಸೆ ವಾರ ತುಂಬುವ ಮೊದಲೇ ನಿಂತಿತು. ಆಮೇಲೆ ಪರದೆ ಹೋಯಿತು, ಜಮಖಾನ ಹೋಯಿತು, ಊದುಬತ್ತಿ, ಸಾಂಬ್ರಾಣಿ ಹೋದವು. ಪುಟ್ಟಿಯ ಉಸಿರು ಮಾತ್ರ ತನಗೆ ಬೇಕಾದ ದಿನ ಚೆನ್ನಾಗಿರುತ್ತಿತ್ತು, ಬೇಡವಾದ ದಿನ ಕೆಡುತ್ತಿತ್ತು.

ಮಾನಮ್ಮ ನಮ್ಮ ಮನೆಗೆ ಬಂದದ್ದು ಆಗಲೇ. ಯಾದಗಿರಿ ಕಡೆಯವಳು. ರೈಲ್ವೆ ಹಳಿಯಾಚೆ ಒಂದು ಬಾಡಿಗೆ ಕೋಣೆಯಲ್ಲಿ ಗಂಡ ಸಾಯಬಣ್ಣ, ಮಗಳು ಸೌಂದರ್ಯಾಳೊಂದಿಗೆ ಇದ್ದಾಳೆ. ಸಾಯಬಣ್ಣ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಮಾನಮ್ಮ ನಮ್ಮಲ್ಲಿ ಅಡುಗೆ ಮಾಡಿ, ಪುಟ್ಟಿಗೆ ತಲೆ ಬಾಚಿ ಶಾಲೆಗೆ ಕಳಿಸಿ, ಮಧ್ಯಾಹ್ನ ಊಟ ಮಾಡಿಸಿ ಹೋಗುತ್ತಿದ್ದಳು. ಪುಟ್ಟಿಯನ್ನು ಅವಳು ಕೂಸು ಎಂದೇ ಕರೆಯುವುದು. ಪುಟ್ಟಿಯೂ ನಾವು ತಿನ್ನಿಸಿದರೆ ಮುಖ ತಿರುಗಿಸುವವಳು ಅವಳ ರೊಟ್ಟಿಗೆ ಬಾಯಿ ತೆರೆಯುತ್ತಿದ್ದಳು.

ಬಂದ ಹೊಸದರಲ್ಲಿ ಒಂದು ದಿನ ಕೈ ತೊಳೆಯುತ್ತ ಹೇಳಿದಳು. "ಅಮ್ಮಾರ, ಮನ್ಯಾಗ ಶೇಂಗಾ ತರೂದು ಬಿಟ್ಟೀವಿ ನೋಡ್ರಿ."

"ಯಾಕೆ ಮಾನಮ್ಮ? ನಿಮಗೇನಾಯ್ತು?"

"ನಮಗೇನಾಗ್ತದ್ರಿ. ಮುಂಜಾನೆ ಶೇಂಗಾ ಹಿಂಡಿ ಕುಟ್ಟಿದ್ರ ಉಗುರಿನ ಸಂದ್ಯಾಗ ಉಳೀತದ. ಅದೇ ಕೈಲೆ ಬಂದು ಕೂಸಿಗಿ ಉಣಸ್ತೀನಲ್ರಿ."

ಅವರ ಕಡೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿಬೀಜದ ಚಟ್ನಿಪುಡಿ, ಇಲ್ಲದಿದ್ದರೆ ಅದು ಊಟವೇ ಅಲ್ಲ. ಅದನ್ನು ಬಿಡು ಎಂದು ನಾನು ಕೇಳಿರಲಿಲ್ಲ, ಯಮುನಾ ಕೇಳಿರಲಿಲ್ಲ. ಒಂದು ಭಾನುವಾರ ನಮ್ಮ ತೊಟ್ಟಿಯ ಬಿರುಕಿಗೆ ಸಿಮೆಂಟು ಹಾಕಲು ಬಂದ ಸಾಯಬಣ್ಣ ಪುಟ್ಟಿಯನ್ನು ಕರೆದು, "ಏನವ್ವಾ, ನಿನ್ನ ಸಲುವಾಗಿ ನಾ ಬರೇ ಉಪ್ಪು ಖಾರ ಹಚ್ಕೊಂಡು ರೊಟ್ಟಿ ತಿನ್ನಾಕತ್ತೀನಿ. ದೊಡ್ಡಾಕ್ಯಾಗಿ ನನಗ ಒಂದು ಹೊಲ ಕೊಡಸು ಮತ್ತ," ಎಂದು ನಗಿಸಿದ. ನಗುತ್ತ ನಗುತ್ತ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ, ಗೋಡೆ ಹಿಡಿದು ಕುಳಿತ.

"ಇವ್ರಿಗೂ ದಮ್ಮು ಹತ್ತ್ಯಾದ್ರಿ, ಈ ಊರಿಗಿ ಬಂದ ಮ್ಯಾಲೆ," ಎಂದಳು ಮಾನಮ್ಮ. "ಮಣ್ಣಾಗ ಹುಟ್ಟಿ ಮಣ್ಣಾಗ ಬೆಳದವ್ರು. ಡಾಕ್ಟರಮ್ಮಗ ಕೇಳ್ರಿ, ಇವ್ರಿಗ್ಯಾಕ ಬಂತಂತ."

ನಮ್ಮವರು ಒಳಗಿಂದ ಒಂದು ಲೋಟ ನೀರು ತಂದು ಸಾಯಬಣ್ಣನಿಗೆ ಕೊಟ್ಟರು.

ಸಂಕ್ರಾಂತಿ ಬಂತೆಂದರೆ ಯಮುನಾಗೆ ನಡುಕ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎಂದು ಬೀದಿಯ ಹೆಣ್ಣುಮಕ್ಕಳು ಜರಿಲಂಗ ಉಟ್ಟು ಮನೆಮನೆಗೆ ಬರುತ್ತಾರೆ. ಅವರು ತರುವ ಪೊಟ್ಟಣದಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಯ ಜೊತೆ ಕಡಲೆಕಾಯಿಬೀಜ ಇದ್ದೇ ಇರುತ್ತದೆ. ನಮ್ಮ ಬೀದಿಯವರು ಒಳ್ಳೆಯವರು. ನಮ್ಮ ಗೇಟಿನ ಹತ್ತಿರ ಬಂದಾಗ ತಟ್ಟೆಯಿಂದ ಕಬ್ಬು, ಸಕ್ಕರೆ ಅಚ್ಚು ಮಾತ್ರ ಎತ್ತಿ ಕೊಡುತ್ತಾರೆ. ಪುಟ್ಟಿ ಲಂಗ ಉಟ್ಟು ಗೇಟಿನೊಳಗೇ ನಿಂತು, "ಥ್ಯಾಂಕ್ಯೂ ಆಂಟಿ," ಎನ್ನುತ್ತಾಳೆ. ಅವಳು ಯಾರ ಮನೆಗೂ ಹೋಗುವುದಿಲ್ಲ.

ಈ ವರ್ಷದ ಹಬ್ಬದ ದಿನ ಮಗ ವಿಶ್ರುತ್ ಕೆಲಸದ ಮೇಲೆ ಚೆನ್ನೈಗೆ ಹೋಗಿದ್ದ. ಯಮುನಾಳ ಮಾರತ್ತಹಳ್ಳಿಯ ಆಫೀಸಿನದು ಪರದೇಶದ ಕೆಲಸ, ಸಂಕ್ರಾಂತಿಯ ರಜೆ ಇಲ್ಲ. ಸಂಜೆ ಅಮೃತಪ್ಪನವರ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಬೇಕೆಂದು ಪುಟ್ಟಿ ವಾರದಿಂದ ಹಟ ಹಿಡಿದಿದ್ದಳು. ಕೊಂಬಿಗೆ ಬಣ್ಣ ಬಳಿದ ದನಗಳು ಉರಿಯುವ ಹುಲ್ಲನ್ನು ಹಾರುವ ಆ ಆಟ ಈ ಭಾಗದಲ್ಲಿ ಈಗ ಎಲ್ಲೋ ಒಂದೆರಡು ಕಡೆ ಉಳಿದಿದೆ. ಅಮೃತಪ್ಪ ಬೆಳಿಗ್ಗೆಯೇ ಹಾಲು ಕೊಡುವಾಗ ಹೇಳಿದ್ದರು. "ಗಾಳಿ ನೋಡ್ಕೊಂಡು ಹುಲ್ಲು ಆ ತುದಿಗೆ ಹಾಕಿಸ್ತೀನಮ್ಮ. ಮಗು ಗೇಟಿಂದ ನೋಡ್ಲಿ."

ನಾವು ಮುಖಕ್ಕೆ ಮಾಸ್ಕು ಹಾಕಿಸಿ ಪುಟ್ಟಿಯನ್ನು ಹಿಂದಿನ ಗೇಟಿನ ಬಳಿ ನಿಲ್ಲಿಸಿಕೊಂಡಿದ್ದಾಗ ಮಾನಮ್ಮ ಸೌಂದರ್ಯಾಳನ್ನು ಕರೆದುಕೊಂಡು ಬಂದಳು. ಇಬ್ಬರೂ ತಲೆಗೆ ಸ್ನಾನ ಮಾಡಿದ್ದರು. ಸೌಂದರ್ಯಾ ಒಂದು ಸ್ಟೀಲಿನ ಡಬ್ಬಿ ತೆರೆದು, ನನ್ನ ಕೈಗೂ ನಮ್ಮ ಯಜಮಾನರ ಕೈಗೂ ಏನನ್ನೋ ಹಾಕಿ, ಕಾಲಿಗೆ ನಮಸ್ಕಾರ ಮಾಡಿದಳು. ಅಕ್ಕಿಕಾಳಿನ ಗಾತ್ರದ, ಮೈತುಂಬ ಮುಳ್ಳೆದ್ದ ಬಿಳಿಯ ಸಕ್ಕರೆ ಕಾಳುಗಳು.

"ಕುಸುರೆಳ್ಳು ಅಂತಾರ್ರಿ ನಮ್ ಕಡಿ," ಎಂದಳು ಮಾನಮ್ಮ. "ನಮ್ಮವ್ವ ಮಾಡಿ, ಊರಿಂದ ಬರೋರ ಕೈಲೆ ಕಳಿಸ್ಯಾಳ. ಒಳಗ ಬರೇ ಎಳ್ಳು ಅದಾವ. ಶೇಂಗಾ ಹಾಕೂದು ಬ್ಯಾಡ, ಕೂಸಿಗಿ ಆಗಂಗಿಲ್ಲಂತ ಹೇಳಿದ್ದೆ. ಕೂಸಿನ ಹೆಸರು ಹಿಡಿದೇ ಮಾಡ್ಯಾಳ್ರಿ ಈ ಸಲ."

ಹೇಗೆ ಮಾಡುತ್ತಾರೆ ಎಂದು ನಾನು ಕೇಳಿದೆ. ಸಣ್ಣ ಕೆಂಡದ ಮೇಲೆ ಪರಾತವೆಂಬ ಅಗಲ ತಟ್ಟೆ ಇಟ್ಟು, ಎಳ್ಳು ಹಾಕಿ, ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಟ್ಟು, ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕಂತೆ. ಆಗ ಒಂದೊಂದು ಎಳ್ಳಿಗೂ ಮುಳ್ಳು ಮೂಡುತ್ತದೆ. ಅವಸರ ಮಾಡಿದರೆ ಮುದ್ದೆಯಾಗುತ್ತದೆ. ಮಂಡಿ ನೋವಿನ ಆ ಮುದುಕಿ ದಿನಗಟ್ಟಲೆ ಒಲೆಯ ಮುಂದೆ ಕುಳಿತಿದ್ದಳು, ಕಂಡೂ ಅರಿಯದ ಒಂದು ಮಗುವಿಗಾಗಿ.

ಪುಟ್ಟಿ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಕೇಳಿದಳು. "ಆಂಟಿ, ಇದ್ರಲ್ಲಿ ಅದು ಇಲ್ಲ ತಾನೆ?"

"ತಿಂಥಣಿ ಮೌನಪ್ಪನಾಣಿ ಇಲ್ಲ ನನ್ನವ್ವಾ," ಎಂದು ಮಾನಮ್ಮ ತಮ್ಮ ಕಡೆಯ ದೇವರ ಮೇಲೆ ಆಣೆ ಇಟ್ಟಳು.

ಯಮುನಾಗೆ ಫೋನು ಮಾಡಿದೆ. ಮೀಟಿಂಗಿನಲ್ಲಿದ್ದಳೇನೋ, ಎತ್ತಲಿಲ್ಲ. ಎಳ್ಳು ಪುಟ್ಟಿಗೆ ಆಗುತ್ತದೆ, ಅನ್ನಕ್ಕೆ ಎಳ್ಳುಪುಡಿ ಕಲಸಿ ತಿನ್ನುವವಳೇ. ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಪುಟ್ಟಿ ಹಬ್ಬದ ದಿನ ಇನ್ನೊಬ್ಬರ ಕೈಯಿಂದ ಏನನ್ನಾದರೂ ತೆಗೆದುಕೊಂಡು ತಿಂದದ್ದನ್ನು ನಾವು ನೋಡಿಯೇ ಇರಲಿಲ್ಲ. "ನಾಲ್ಕು ಕಾಳು ಕೊಡು," ಎಂದರು ಇವರು.

ಅವಳು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. "ಮುಳ್ಳಿದೆ, ಆದ್ರೆ ಚುಚ್ಚಲ್ಲ ಅಜ್ಜಿ," ಎಂದಳು. ಸೌಂದರ್ಯಾ ಇನ್ನಷ್ಟು ಹಾಕಿದಳು.

ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಬೆಂಕಿ ಎದ್ದಿತು. ಗೆಜ್ಜೆಯ ಸದ್ದು, ಹುಡುಗರ ಕೇಕೆ, ಮೊದಲ ಹಸು ಹಾರಿತು, ಅದರ ಹಿಂದೆ ಕರು. ಪುಟ್ಟಿ ಕುಣಿಯುತ್ತಿದ್ದಳು. ಗಾಳಿ ಯಾವಾಗ ತಿರುಗಿತೋ ತಿಳಿಯಲಿಲ್ಲ. ಹುಲ್ಲಿನ ದಟ್ಟ ಹೊಗೆ ಒಮ್ಮೆಗೇ ನಮ್ಮ ಗೇಟಿಗೆ ಬಂತು. ಅಮೃತಪ್ಪ ಅಲ್ಲಿಂದಲೇ, "ಮಗೂನ ಒಳಗೆ ಕರ್ಕೊಳ್ಳಿ," ಎಂದು ಕೂಗುತ್ತ ನೀರು ಎರಚತೊಡಗಿದರು. ನಾವು ಒಳಗೆ ಓಡಿ ಬಾಗಿಲು ಹಾಕಿದೆವು.

ಆಗಲೇ ಕೆಮ್ಮು ಹಿಡಿದಿತ್ತು. ಪಂಪು ಕೊಟ್ಟೆವು. ಸ್ವಲ್ಪ ಕಾದು ಮತ್ತೆ ಕೊಟ್ಟೆವು. ಕೊರಳ ಕುಳಿ ಒಳಕ್ಕೆ ಎಳೆಯುತ್ತಿತ್ತು. ಮುಖ ಕೆಂಪಾಗಿತ್ತು, ಬೆಂಕಿಯ ಕಾವಿಗೋ ಏನೋ. ಕುತ್ತಿಗೆ ಕೆರೆದುಕೊಂಡಳು, ಹೊಸ ರವಿಕೆಯ ಜರಿ ಚುಚ್ಚುತ್ತಿತ್ತೋ ಏನೋ. ಮಾನಮ್ಮ ಡಬ್ಬಿಯನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಅನುಮಾನ ಬಂದರೂ ಸಾಕು, ಚುಚ್ಚಿಬಿಡಿ ಎಂದು ಡಾಕ್ಟರ್ ಹೇಳಿದ್ದರು. ಯಮುನಾ ಕಿತ್ತಳೆ ಹಣ್ಣಿನ ಮೇಲೆ ನನಗೆ ಅಭ್ಯಾಸ ಮಾಡಿಸಿದ್ದಳು. ಹಣ್ಣು ಅಲುಗುವುದಿಲ್ಲ, ನೋಡುವುದಿಲ್ಲ. ಬುಡ್ಡಿಯ ಕತ್ತನ್ನು ಇವರು ಮುರಿದುಕೊಟ್ಟರು. ಔಷಧ ಉಗುರುಬಣ್ಣದ ಗೆರೆಗೆ ಬಂತು. ಪುಟ್ಟಿ ತಾನೇ ಲಂಗ ಎತ್ತಿ, ಎರಡು ಉಸಿರಿನ ನಡುವೆ, "ತೊಡೆಗೆ ಅಜ್ಜಿ. ಈ ಕಡೆ," ಎಂದಳು. ಮಾನಮ್ಮ ಡಬ್ಬಿ ಕೆಳಗಿಟ್ಟು ಬಂದು ಅವಳ ಕಾಲನ್ನು ಗಟ್ಟಿಯಾಗಿ ಹಿಡಿದಳು. ಚುಚ್ಚಿದೆ.

ಅಮೃತಪ್ಪ ದನಗಳನ್ನು ಹಾಗೇ ಬೀದಿಯಲ್ಲಿ ಬಿಟ್ಟು ಹಾಲಿನ ಟೆಂಪೊ ತಂದರು. ಹಳೇ ಮದ್ರಾಸ್ ರಸ್ತೆಯ ಆಸ್ಪತ್ರೆ ತಲುಪುವ ಹೊತ್ತಿಗೆ ಪುಟ್ಟಿಯ ಉಸಿರು ಸ್ವಲ್ಪ ಸಡಿಲಾಗಿತ್ತು. ದಾರಿಯುದ್ದಕ್ಕೂ ಅಮೃತಪ್ಪ ಹೇಳಿದ್ದು ಒಂದೇ ಮಾತು. "ಹೊಗೆ ಕಣಮ್ಮ. ನಂದೇ ತಪ್ಪು. ನಾನೇ ಕರೆದಿದ್ದು."

ಆಸ್ಪತ್ರೆಯಲ್ಲಿ ಆಮ್ಲಜನಕ ಇಟ್ಟರು, ಡಾಕ್ಟರ್ ಅಲಿಯಾ ಬಂದರು. ಮಾನಮ್ಮ ಚಪ್ಪಲಿಯಿಲ್ಲದೆ ಓಡಿಬಂದಿದ್ದಳು. ಸಾಮಿಯಾ ಎಂಬ ನರ್ಸು ಎಲ್ಲಿಂದಲೋ ಒಂದು ಜೊತೆ ರಬ್ಬರು ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟು ಹೋದಳು. ಮಾನಮ್ಮ ಅದನ್ನು ಮೆಟ್ಟಲಿಲ್ಲ.

ಯಮುನಾ ಬಂದಾಗ ಮೊದಲು ಕೇಳಿದ್ದು, "ಏನು ತಿಂದಳು ಅತ್ತೆ?"

ನಾನು ಹೇಳುವ ಮೊದಲೇ ಮಾನಮ್ಮ ಡಬ್ಬಿ ಬಿಚ್ಚಿದಳು. ಅದನ್ನು ಯಾವಾಗ ಮತ್ತೆ ಎತ್ತಿಕೊಂಡು ಬಂದಿದ್ದಳೋ. ಒಂದು ಹಿಡಿ ಕುಸುರೆಳ್ಳನ್ನು ಬಾಯಿಗೆ ತುಂಬಿಕೊಂಡು ಅಗಿಯತೊಡಗಿದಳು. "ನೋಡ್ರಿ ಅಕ್ಕಾರ. ಏನೂ ಇಲ್ರಿ ಇದ್ರಾಗ. ನೋಡ್ರಿ." ಇನ್ನೊಂದು ಹಿಡಿ ತುಂಬಿಕೊಂಡಳು. ಕಣ್ಣಿಂದ ನೀರು ಇಳಿಯುತ್ತಿತ್ತು, ದವಡೆ ಆಡುತ್ತಿತ್ತು.

ಯಮುನಾ ಅವಳ ಕೈ ಹಿಡಿದು ತಡೆದಳು. "ಬೇಡ ಮಾನಮ್ಮ. ನಿಮಗೆ ಏನೂ ಆಗಲ್ಲ. ನಮಗ್ಯಾರಿಗೂ ಏನೂ ಆಗಲ್ಲ. ಅದೇ ಅಲ್ವಾ ಕಷ್ಟ."

ಮರುದಿನ ಡಾಕ್ಟರ್ ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. ಇಂಜೆಕ್ಷನ್ ಕೊಟ್ಟದ್ದು ಸರಿಯಾಯಿತು ಎಂದರು. ಹೊಗೆಯಿಂದ ಬಂದ ಉಬ್ಬಸವಿರಬಹುದು, ಕಡಲೆಕಾಯಿ ತಾಕಿದ್ದೂ ಇರಬಹುದು, ಎರಡೂ ಸೇರಿರಬಹುದು. ಆ ಔಷಧಕ್ಕೆ ಎರಡೂ ಇಳಿಯುತ್ತವೆ, ಹಾಗಾಗಿ ಇಳಿದದ್ದರಿಂದ ಏನೂ ಗೊತ್ತಾಗುವುದಿಲ್ಲ.

"ದದ್ದು ಎದ್ದಿತ್ತಾ ಅಜ್ಜಿ?"

"ಮುಖ ಕೆಂಪಾಗಿತ್ತು. ಕೆರೆದುಕೊಂಡಳು. ದದ್ದೋ ಅಲ್ಲವೋ ಹೇಳಲಾರೆ ತಾಯಿ."

"ಅದನ್ನ ಮಾಡಿದ ಪಾತ್ರೆ? ಅದೇ ಪಾತ್ರೆಯಲ್ಲಿ ಮೊದಲು ಕಡಲೆಕಾಯಿಬೀಜ ಹುರಿದಿದ್ದರೆ, ತೊಳೆದರೂ ಸ್ವಲ್ಪ ಉಳಿದಿರಬಹುದು. ಅದೊಂದು ಕೇಳಿ ತಿಳ್ಕೊಳ್ಳಿ."

ಬಾಗಿಲ ಬಳಿ ನಿಂತಿದ್ದ ಮಾನಮ್ಮ ಮೆಲ್ಲಗೆ, "ಅವ್ವಗ ಕೇಳಬೇಕ್ರಿ," ಎಂದಳು.

ಪುಟ್ಟಿ ಮನೆಗೆ ಬಂದಳು. ಯಮುನಾ ಕೂಗಾಡುವ ಹುಡುಗಿಯಲ್ಲ. ಕೂಗಾಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತೇನೋ. ಮಾನಮ್ಮನಿಗೆ ಕಾಫಿ ಕೊಟ್ಟು, ಎದುರು ಕುಳಿತು ಹೇಳಿದಳು. "ಸ್ವಲ್ಪ ದಿನ ಅಡುಗೆಮನೆಗೆ ಬರಬೇಡಿ ಮಾನಮ್ಮ. ಪುಟ್ಟಿನ ನಾವು ನೋಡ್ಕೋತೀವಿ. ಹಿಂದೆ ಪಾತ್ರೆ, ಬಟ್ಟೆ ಮಾಡಿ. ಸಂಬಳ ಅಷ್ಟೇ ಇರುತ್ತೆ. ನಿಮ್ಮ ತಾಯಿನ ಕೇಳಿ. ಪರಾತ ಬೇರೆ ಇತ್ತು ಅಂದ್ರೆ ನಾನೇ ಒಳಗೆ ಕರೀತೀನಿ."

"ಕೇಳ್ತೀನ್ರಿ," ಎಂದಳು ಮಾನಮ್ಮ.

ದಿನಗಳು ಹೋದವು. ಅವಳು ಹಿತ್ತಲಿನ ಬಾಗಿಲಿಂದ ಬಂದು ಹಿತ್ತಲಿನ ಬಾಗಿಲಿಂದಲೇ ಹೋಗುತ್ತಿದ್ದಳು. ಪುಟ್ಟಿ ಕಿಟಕಿಯ ಗಾಜಿನಾಚೆ ನಿಂತು ಕೈಯಾಡಿಸಿದರೆ ಸೋಪಿನ ಕೈ ಎತ್ತಿ ತೋರಿಸುತ್ತಿದ್ದಳು. ಯಮುನಾ ಎರಡು ಸಲ ಕೇಳಿದಳು, "ಕೇಳಿದ್ರಾ?" ಎರಡು ಸಲವೂ, "ಫೋನ್ ಹತ್ತವಲ್ದ್ರಿ," ಎಂದಳು. ಅವಳ ಅವ್ವ ಪ್ರತಿ ಸಂಜೆ ಫೋನು ಮಾಡುತ್ತಾಳೆಂದು ಸೌಂದರ್ಯಾ ನನಗೆ ಹೇಳಿದ್ದಳು. ಅದನ್ನು ನಾನು ಯಮುನಾಗೆ ತಿಳಿಸಲಿಲ್ಲ.

ಮೊನ್ನೆ ನಾನು ಹಿತ್ತಲಿನ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆ. ಮಾನಮ್ಮ ಪಾತ್ರೆ ಉಜ್ಜುತ್ತಿದ್ದಳು. ಕಟ್ಟೆಯ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಕೈ ಒದ್ದೆಯೆಂದು ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು. ದೂರದ ಊರಿನ, ಹಲ್ಲಿಲ್ಲದ ಬಾಯಿಯ ದೊಡ್ಡ ದನಿ.

"ಮಾನವ್ವಾ, ನಾ ಕೇಳೂದೇ ಮರ್ತೀನಿ. ಕೂಸು ತಿಂತಾ?"

ಮಾನಮ್ಮ ನನ್ನ ಕಡೆ ನೋಡಿದಳು. ನಾನು ಅವರೆಕಾಯಿಯ ಕಡೆ ನೋಡಿದೆ.

"ತಿಂದಳ ಯವ್ವಾ."

"ಸೇರಿತಾ?"

"ಭಾಳ ಸೇರಿತು. ಮುಳ್ಳದ, ಆದ್ರ ಚುಚ್ಚಂಗಿಲ್ಲ ಅಂದಳು."

ಆ ಕಡೆ ಮುದುಕಿ ನಕ್ಕ ಸದ್ದು. ನಕ್ಕೇ ನಕ್ಕಳು. "ನೋಡವ್ವಾ, ಎಷ್ಟು ಶಾಣ್ಯಾ ಅದ. ಬರೂ ವರ್ಷ ಕೇಸರಿ ಬಣ್ಣ ಹಾಕಿ ಮಾಡ್ತೀನಂತ ಹೇಳು ಕೂಸಿಗಿ. ಅಷ್ಟೊತ್ತಿಗಿ ನಾ ಇದ್ರ."

"ಇರ್ತೀ ತಗೋ."

ಮಾನಮ್ಮ ಕೈಯಲ್ಲಿದ್ದ ಬಾಣಲೆಯನ್ನು ತಿರುಗಿಸಿ ನೋಡಿದಳು. "ಯವ್ವಾ," ಎಂದಳು.

"ಏನವ್ವಾ?"

ನಾನು ಕಾಯಿ ಸುಲಿಯುವುದನ್ನು ನಿಲ್ಲಿಸಿದೆ. ಶೇಂಗಾ ಹುರಿದ ಪರಾತವೋ ಬೇರೆಯದೋ ಎಂಬ ಒಂದು ಮಾತು. ಬೇರೆ ಎಂದರೆ ಇವಳು ಮತ್ತೆ ಪುಟ್ಟಿಗೆ ರೊಟ್ಟಿ ತಿನ್ನಿಸಬಹುದು. ಅದೇ ಎಂದರೆ ಆ ಮುದುಕಿಗೆ ಎಲ್ಲ ಅರ್ಥವಾಗುತ್ತದೆ. ಬೇರೆ ಎಂದರೂ, ಯಾಕೆ ಕೇಳಿದೆ ಎಂದು ಕೇಳದೆ ಬಿಡುತ್ತಾಳೆಯೇ?

"ಏನಿಲ್ಲ. ಮಂಡಿ ಬ್ಯಾನಿ ಹೆಂಗದ?"

"ಅದು ಇರೂದೇ ಬಿಡು," ಎಂದಿತು ದನಿ.

ಫೋನು ಇಟ್ಟ ಮೇಲೆ ಮಾನಮ್ಮ ಅದೇ ಬಾಣಲೆಯನ್ನು ಮತ್ತೆ ಉಜ್ಜತೊಡಗಿದಳು. ನಿನ್ನದೇನೂ ತಪ್ಪಿಲ್ಲ ಎನ್ನುವಷ್ಟು ನನಗೆ ಗೊತ್ತಿರಲಿಲ್ಲ, ತಪ್ಪಿದೆ ಎನ್ನುವಷ್ಟೂ ಗೊತ್ತಿರಲಿಲ್ಲ. ಸುಲಿದ ಕಾಳಿನಲ್ಲಿ ಅರ್ಧವನ್ನು ಅವಳ ಚೀಲದ ಪಕ್ಕ ಒಂದು ಬಟ್ಟಲಿನಲ್ಲಿಟ್ಟೆ.

ಒಳಗೆ ಪುಟ್ಟಿ ಕೆಮ್ಮಿದಳು. ಮಾನಮ್ಮನ ಕೈ ನಿಂತಿತು, ನನ್ನದೂ ನಿಂತಿತು. ಇನ್ನೊಂದು ಕೆಮ್ಮು ಬರುತ್ತದೆಯೋ ಎಂದು ಇಬ್ಬರೂ ಮುಚ್ಚಿದ ಕಿಟಕಿಯ ಕಡೆ ಕಿವಿಗೊಟ್ಟು ಕುಳಿತೆವು.